ಎಡಕ್ಕೆ ಎಳೆಯುವ ಹಿಡಿಕೆ

ಇದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದೆ. ತೈಲದ ಬೆಲೆ ಕುಸಿದು ಕೆಲಸಗಳು ಹೋಗುತ್ತಿದ್ದ ಕಾಲ. ಗಲ್ಫಿನ ಘಾಲಾದಲ್ಲಿ, ನೆಲದ ಮೇಲೇ ಪೈಲಟ್‌ಗಳಿಗೆ ಹಾರಾಟ ಕಲಿಸುವ ಹೆಲಿಕಾಪ್ಟರ್ ಸಿಮ್ಯುಲೇಟರಿಗೆ ನಾನು ಸೂಪರ್‌ವೈಸರ್. ಉಡುಪಿ ಕಡೆಯವರೊಬ್ಬರು ನನ್ನ ಕೈಕೆಳಗಿನ ಮೆಕ್ಯಾನಿಕ್. ಪ್ರತಿ ಬೆಳಿಗ್ಗೆ ಶೂ ಕಳಚಿ, ಪೈಲಟ್ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತು, ಎರಡೇ ಬೆರಳಲ್ಲಿ ಹಿಡಿಕೆ ಹಿಡಿಯುತ್ತಿದ್ದರು.

“ಎಡಕ್ಕೆ ಎಳೀತದೆ ಮಾರಾಯ್ರೆ,” ಎನ್ನುತ್ತಿದ್ದರು.

“ಕಂಪ್ಯೂಟರ್ ಸರಿ ಅಂತದೆ. ನಿಮ್ಮ ಬೆರಳು ಅದಕ್ಕಿಂತ ದೊಡ್ಡದಾ?” ಎಂದು ಒಮ್ಮೆ ಎಲ್ಲರೆದುರು ನಕ್ಕೆ.

“ಇಲ್ಲಿ ಕಲಿತ ಕೈ ಆಕಾಶದಲ್ಲಿ ತಪ್ತದೆ ಸರ್,” ಎಂದರು, ಅಷ್ಟೆ.

ದೋಷ ಒಪ್ಪಿದರೆ ಯಂತ್ರ ನಿಲ್ಲುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು. ‘ದೋಷವಿಲ್ಲ, ಮೆಕ್ಯಾನಿಕ್‌ನ ಭ್ರಮೆ’ ಎಂದು ವರದಿ ಬರೆದೆ. ಕಂಪನಿಯವರು ಅವರನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸಿದರು.

ಮರುದಿನ ನಾನೂ ಶೂ ಕಳಚಿ, ಕಣ್ಣು ಮುಚ್ಚಿ ಕೂತೆ. ಹಿಡಿಕೆ ಮೆಲ್ಲಗೆ ಎಡಕ್ಕೆ ಎಳೆಯಿತು. ಆದರೂ ವರದಿ ತಿದ್ದಲಿಲ್ಲ.

ನನ್ನ ಕೈಕೆಳಗಿನ ಮೆಕ್ಯಾನಿಕ್ ಎಂದೆನಲ್ಲ, ನಾನು ಕ್ಷಮೆ ಕೇಳದೇ ಉಳಿದದ್ದು ಅವರಲ್ಲೇ.