ತುಳಸಿಬಾಯಿಯ ಗಾಡಿಗೆ ಫ್ಯಾನು ಕೂಡಿಸಿದ್ದು

ನನ್ನ ಹೆಂಡತಿ ತುಳಸಿಬಾಯಿ ತನ್ನ ಅರವತ್ತೆರಡು ವರ್ಷದಲ್ಲಿ ಹೊರಗೆ ಎಲ್ಲಿಯೂ ಅನ್ನ ಉಂಡವಳಲ್ಲ. ಹೋಟೆಲಿನ ಮಾತು ದೂರ ಉಳಿಯಿತು, ನನ್ನ ತಂಗಿಯ ಮನೆಯಲ್ಲೂ ಎರಡು ಬಾಳೆಹಣ್ಣು ತಿಂದು ಎದ್ದು ಬರುತ್ತಾಳೆ. ಹೀಗಾಗಿ ಬುತ್ತಿ ಹಳಸುವುದರೊಳಗೆ ಹೋಗಿ ಬರುವಷ್ಟು ದೂರವೇ ಅವಳ ಪ್ರಪಂಚ. ಮಾನ್ವಿಯ ನಮ್ಮ ಮನೆಯಿಂದ ಆ ಕಡೆ ರಾಯಚೂರು, ಈ ಕಡೆ ಅವಳ ತವರು ಜಾಲಹಳ್ಳಿ. ನಮ್ಮ ಕಡೆಯ ಬಿಸಿಲಿನಲ್ಲಿ ಬುತ್ತಿ ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ, ಗಳದ ಮೇಲೆ ಒಣಗಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು, ಅಡುಗೆಮನೆಯ ಬಾಗಿಲು ಹಾಕಿಕೊಂಡಳೆಂದರೆ ಮುಗಿಯಿತು. ಅಡುಗೆ ಆಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಮಾನ್ವಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ, ಹುಡುಗರನ್ನು ಗಡಗಡ ನಡುಗಿಸಿದ ಪ್ರಾಣೇಶ ಮಾಸ್ತರ, ಅಂದರೆ ನಾನು, ಹೊಸ್ತಿಲಾಚೆ ನಿಂತು ಒಂದು ಲೋಟ ನೀರು ಬೇಡಬೇಕು. ಒಳಗಿನಿಂದ ಒಂದೇ ಉತ್ತರ: "ಮಡಿಯೊಳಗ ಇದ್ದೀನ್ರಿ."

ಇಂಥವಳಿಗೆ ಇದ್ದದ್ದು ಒಂದೇ ಆಸೆ. ಸಮುದ್ರ ನೋಡಬೇಕು. ಮದುವೆಯಾದಾಗಿನಿಂದ ಅವಳು ಹೇಳುತ್ತ ಬಂದಳು, ನಾನು ಹೂಂ ಎನ್ನುತ್ತ ಬಂದೆ. ನಾನು ನಿವೃತ್ತನಾದ ಮೇಲೆ ಒಂದು ದಿನ ಸಂಡಿಗೆ ಹಾಕುತ್ತ, "ನಾ ಸತ್ತ ಮ್ಯಾಲೆ ಅಸ್ಥಿ ಬಿಡ್ಲಿಕ್ಕಾದ್ರೂ ಸಮುದ್ರಕ್ಕ ಒಯ್ತೀರೇನು?" ಎಂದಳು. ಕೇಳಿದ ರೀತಿಯಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ನನಗೆ ನಾಟಿತು. ತಿಂಗಳೊಳಗೆ ಒಂದು ಹಳೆಯ ಶಾಲಾ ವ್ಯಾನು ಕೊಂಡೆ. ಸೀಟು ಕೀಳಿಸಿ ಎರಡು ಮಂಚ, ಒಂದು ಗ್ಯಾಸಿನ ಒಲೆ, ನೀರಿನ ಟಾಕಿ ಕೂಡಿಸಿದೆ. ಅಡುಗೆಮನೆಯೇ ಜೊತೆಗೆ ಬಂದರೆ ಬುತ್ತಿಯ ಹಂಗೆಲ್ಲಿ? ಓಣಿಯವರು ಅದನ್ನು ಮನಿಗಾಡಿ ಎಂದು ಕರೆದರು. ಎದುರಿಗೆ ಹೊಗಳಿದರು, ಹಿಂದೆ ನಕ್ಕರು.

ಬಿಸಿಲಿಗೆ ನಿಂತರೆ ಮನಿಗಾಡಿ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ತುಳಸಿಬಾಯಿಗೆ ದಮ್ಮಿನ ಕಾಯಿಲೆ ಬೇರೆ. ಗಾಡಿಯ ಮಾಳಿಗೆಗೆ ತೂತು ಹೊಡೆದು ಫ್ಯಾನು ಕೂಡಿಸದೆ ಗತಿಯಿಲ್ಲವೆಂದು ರಾಯಚೂರಿಗೆ ಹೋಗಿ ಸಲಾವುದ್ದೀನನನ್ನು ಹಿಡಿದೆ.

ತೀನ್ ಕಂದೀಲ್ ಚೌಕದ ಹತ್ತಿರ ಅವನದು ಕೂಲರ್ ಮಾಡುವ ಅಂಗಡಿ. ಏಪ್ರಿಲ್ ತಿಂಗಳಲ್ಲಿ ಊರಿನ ದೊಡ್ಡ ಮನುಷ್ಯರೆಲ್ಲ ಅವನನ್ನು ಬೀಗರಂತೆ ಮಾತಾಡಿಸುತ್ತಾರೆ. ಜುಲೈನಲ್ಲಿ ಎದುರಿಗೆ ಬಂದರೂ ಅವರಿಗೆ ಗುರುತು ಹತ್ತುವುದಿಲ್ಲ. ನಾನು ಹೋದದ್ದು ಫೆಬ್ರವರಿಯಲ್ಲಿ, ಹಾಗಾಗಿ ಅವನಿಗೆ ಪುರುಸೊತ್ತಿತ್ತು, ಚಹಾ ಸಿಕ್ಕಿತು. ಅವನ ತಗಡಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು, ಬಿಸಿ ಗಾಳಿ ಮೇಲಕ್ಕೆ ಏರುತ್ತದೆ, ಆದ್ದರಿಂದ ಫ್ಯಾನು ಅದನ್ನು ಹೊರಗೆ ಎಳೆದು ಹಾಕಬೇಕು ಎಂದು ಅರ್ಧ ತಾಸು ಪಾಠ ಮಾಡಿದೆ. ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ.

"ಮಾಸ್ತರ್ರ, ಮೂವತ್ತು ವರ್ಷದಿಂದ ಮಂದಿ ಮನಿಯೊಳಗ ಹವಾ ತುಂಬಾಕತ್ತೀನಿ. ಬರೂ ಬ್ಯಾಸಗ್ಯಾಗ ಇದ್ದ ಹವಾನೂ ಹೊರಗ ಒಗಿ ಅಂದ್ರ ನನ್ನ ಕೈ ಏಳಂಗಿಲ್ರಿ" ಎಂದ.

ಗಾಳಿ ಒಳಗೆ ಬೀಸುವಂತೆಯೇ ಕೂಡಿಸಿಕೊಟ್ಟ. ಸೀಮೆಸುಣ್ಣ ಹಿಡಿದವನ ಮಾತು ಸ್ಕ್ರೂಡ್ರೈವರ್ ಹಿಡಿದವನ ಮುಂದೆ ಎಲ್ಲಿ ನಡೆಯುತ್ತದೆ? ನಾನೂ ಸುಮ್ಮನಾದೆ.

ಸಮುದ್ರಕ್ಕೆ ಮೊದಲು ಒಂದು ಪರೀಕ್ಷೆ ಇರಲಿ ಎಂದು ಜಾಲಹಳ್ಳಿಗೆ ಹೊರಟೆವು. ದೇವದುರ್ಗ ದಾಟಿದ ಮೇಲೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ತುಳಸಿಬಾಯಿ ಮಡಿ ಉಟ್ಟು ಬಾಗಿಲು ಹಾಕಿಕೊಂಡಳು. ರಸ್ತೆಯ ಧೂಳು, ಮಂದಿಯ ಕಣ್ಣು ಬೇಡವೆಂದು ಕಿಟಕಿಗಳಿಗೆಲ್ಲ ಪರದೆ ಎಳೆದಳು. ಪರದೆ ನನಗೂ ಕಂಡಿತು. ಅದರ ಹಿಂದೆ ಗಾಜು ಮುಚ್ಚಿದೆಯೋ ತೆರೆದಿದೆಯೋ ನೋಡುವ ಬುದ್ಧಿ ವಿಜ್ಞಾನದ ಮಾಸ್ತರನಿಗೆ ಬರಲಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು ಹಸಿವೆಯಿಂದ ಆಕಳಿಸುತ್ತಿದ್ದೆ. ಸಾಸಿವೆ ಸಿಡಿದದ್ದು ಕೇಳಿತು. ಬೆನ್ನಿಗೇ ಕೆಮ್ಮು. ಕೆಮ್ಮು ನಿಲ್ಲಲೇ ಇಲ್ಲ. ಬಾಗಿಲು ತೆರೆದು ಮೆಟ್ಟಿಲ ಮೇಲೆ ಕುಸಿದು ಕೂತಳು. ದಮ್ಮಿನ ಪಂಪು ಹುಡುಕಿ ಅವಳ ಬಾಯಿಗೆ ಹಿಡಿದೆ. ಹಿಂದೆಂದೂ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ಉಸಿರು ತಿರುಗಿದ ಮೇಲೆ ಅವಳು ಅಂದಳು: "ಆ ಫ್ಯಾನು ಹೊಗಿನೆಲ್ಲಾ ತಂದು ನನ್ನ ಮಾರಿಗೇ ಒಗೀತದ. ಬಿಡ್ರಿ, ನನ್ನ ಹಣೀಬಾರದಾಗ ಸಮುದ್ರ ಇಲ್ಲ."

ಜಾಲಹಳ್ಳಿ ಮುಟ್ಟದೆ ತಿರುಗಿ ಬಂದೆವು.

ನಾನು ಫೋನು ಮಾಡಿದ್ದಕ್ಕೆ ಸಲಾವುದ್ದೀನ್ ಬಸ್ಸು ಹಿಡಿದು ಮಾನ್ವಿಗೆ ಬಂದ. ಕಿಟಕಿಗಳನ್ನೆಲ್ಲ ತೆರೆದು, ಊದಿನಕಡ್ಡಿ ಹಚ್ಚಿ, ಹೊಗೆ ಹೊರಗೆ ಹೋಗುವುದನ್ನು ತೋರಿಸಿದ. "ಫ್ಯಾನು ಹುಲಿ ಇದ್ದಂಗ ಅದ. ತೊಂದ್ರಿ ಇರೂದು ಒಲ್ಯಾಗ" ಎಂದ. "ಒಲಿ ನಲ್ವತ್ತು ವರ್ಷದಿಂದ ಹಚ್ಚಲಿಕ್ಕತ್ತೀನಿ" ಎಂದು ಒಳಗಿನಿಂದ ಇವಳು. ಅಡುಗೆ ನಡೆದಾಗ ಕಣ್ಣಾರೆ ನೋಡದೆ ಫ್ಯಾನು ಮುಟ್ಟುವುದಿಲ್ಲ ಎಂದು ಅವನು, ಮಡಿಯಲ್ಲಿದ್ದಾಗ ಗಂಡನನ್ನೇ ಬಿಟ್ಟುಕೊಂಡಿಲ್ಲ ಎಂದು ಇವಳು. ಇಬ್ಬರ ನಡುವೆ ನಾನು ಟಪಾಲಿನವನಂತೆ ಅಂಗಳದಲ್ಲಿ ತಿರುಗಾಡಿ ಸೋತೆ. ಅವನು ಹೊರಟುಹೋದ.

ತುಳಸಿಬಾಯಿ ಗಾಡಿ ಮಾರಿಬಿಡಿ ಎಂದಳು. ಪೋತ್ನಾಳದ ದುರುಗೇಶ ಭತ್ತದ ಚೀಲ ಹೇರಲು ಬರುತ್ತದೆಂದು ಭಾನುವಾರ ನೋಡಲು ಬರುವವನಿದ್ದ. ಶನಿವಾರ ಬೆಳಿಗ್ಗೆ ಸಾಮಾನಿನ ಚೀಲ ಹೊತ್ತು ಸಲಾವುದ್ದೀನ್ ಮತ್ತೆ ಹಾಜರಾದ. ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ಮಾರುವ ಮೊದಲು ಕಡೆಯದೊಂದು ಸಲ ಎಂದು ನಾನು ಕೈಮುಗಿದು ಕೇಳಿದ್ದಕ್ಕೆ ತುಳಸಿಬಾಯಿ ಆಗ ಗಾಡಿಯಲ್ಲೇ ಸಾರು ಕುದಿಸುತ್ತಿದ್ದಳು.

ಅವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಗಾಡಿಯ ಬಾಗಿಲ ಮುಂದೆ ನಿಂತ.

"ಅವ್ವಾರ, ಗಾಡಿ ಬೇಕಾದ್ರ ಮಾರ್ರಿ. ಆದ್ರ ನನ್ನ ಕೆಲಸದಿಂದ ನಿಮ್ಮ ಉಸಿರು ಕಟ್ಟಿತು ಅಂದ್ರ ನಿದ್ದಿ ಬರಂಗಿಲ್ಲ ನನಗ. ಒಂದ್ ನಿಮಿಷ ಒಳಗ ಬರ್ಲೇನ್ರಿ?"

ಒಳಗೆ ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿಯ ಘಾಟು ಸಂದಿಯಿಂದ ಬಂತು. ಅವಳು ಎರಡು ಸಲ ಕೆಮ್ಮಿದಳು. ಆಮೇಲೆ ಚಿಲಕ ತೆಗೆದ ಸದ್ದು.

"ಬರ್ರಿ."

ಒಳಗೆ ಹೋದ ಸಲಾವುದ್ದೀನನಿಗೆ ಅವನದೇ ಫ್ಯಾನು ಒಗ್ಗರಣೆಯ ಹೊಗೆಯನ್ನೆಲ್ಲ ಮುಖಕ್ಕೆ ತಂದು ಹೊಯ್ದಿತು. ಕಣ್ಣಲ್ಲಿ ಮೂಗಲ್ಲಿ ನೀರು ಇಳಿಯಿತು. ಪರದೆ ಸರಿಸಿದ, ಮುಚ್ಚಿದ ಗಾಜು ನೋಡಿದ. ಹೊರಗೆ ಬಂದು ಏಣಿ ಹತ್ತಿ ಎರಡು ವೈರು ಅದಲುಬದಲು ಮಾಡಿದ, ರೆಕ್ಕೆ ತಿರುವಿ ಕೂಡಿಸಿದ. ನೆರಳಿನ ಕಡೆ, ಒಲೆಗೆ ದೂರದ ಹಿಂದಿನ ಕಿಟಕಿಯೊಂದನ್ನು ತೆರೆದು ಪರದೆಯನ್ನು ಹಾಗೇ ಬಿಟ್ಟ. ಸ್ವಿಚ್ಚು ಒತ್ತಿದ್ದೇ ತಡ, ಪರದೆ ಒಳಮುಖವಾಗಿ ಉಬ್ಬಿತು, ಹೊಗೆ ನೆಟ್ಟಗೆ ಮಾಳಿಗೆಯ ಹಾದಿ ಹಿಡಿಯಿತು. ತಣ್ಣನೆಯ ಗಾಳಿ ಅವಳ ಬೆನ್ನಿಗೆ ತಾಕಿರಬೇಕು, ತಿರುಗಿ ನೋಡಿದಳು.

"ಮಾಸ್ತರ್ರು ಮೊದಲ ಹೇಳಿದ್ರು" ಎಂದು ಸಲಾವುದ್ದೀನ್ ನೆಲ ನೋಡುತ್ತ ಒಪ್ಪಿಕೊಂಡ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಇಂಥ ಸನ್ಮಾನ ಆಗಿರಲಿಲ್ಲ. ಇನ್ನೊಮ್ಮೆ ಹೇಳಲಿ ಎಂದು ಕಾದೆ, ಹೇಳಲಿಲ್ಲ.

ತುಳಸಿಬಾಯಿ ಮೂರು ತಾಟು ಹಾಕಿದಳು. ನಮಗಿಬ್ಬರಿಗೆ ಬಡಿಸಿ, ತಾನೂ ಮೆಟ್ಟಿಲ ಮೇಲೆ ಕೂತು ಅದೇ ಅನ್ನ, ಅದೇ ಸಾರು ಉಂಡಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಅಲ್ಲ, ಮಡಿ ಹೋತಲ್ಲ?" ಎಂದೆ.

"ಹೋತು. ನಾಳಿಗೆ ಮತ್ತ ಉಡ್ತೀನಿ. ನೇಮ ಖರೇನ" ಎಂದಳು. ಒಂದು ತುತ್ತು ನುಂಗಿ ಮುಂದುವರಿಸಿದಳು: "ಆದ್ರ ಬಾಗಿಲಾ ಹಾಕ್ಕೊಳ್ಳೂದು ನನ್ನ ಸಲುವಾಗಿ. ನಾ ಮದಿವ್ಯಾಗಿ ಬಂದಾಗ ನಿಮ್ಮ ಮನ್ಯಾಗ ಹದಿನಾಕು ಮಂದಿ. ಮುಂಜಾನಿಂದ ರಾತ್ರಿತನಕಾ ತುಳಸಿ, ತುಳಸಿ. ಮಡಿಯೊಳಗ ಇದ್ದೀನಿ ಅಂದ್ರಷ್ಟ ಯಾರೂ ಕರೀತಿದ್ದಿಲ್ಲ. ದಿನಕ್ಕ ಅದೊಂದು ತಾಸು ನಂದು."

ಸಲಾವುದ್ದೀನ್ ತಾಟಿನಿಂದ ತಲೆ ಎತ್ತಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಆ ಹದಿನಾಲ್ಕು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕರೆದವನು ನಾನೇ. ಎದ್ದು ಹೋಗಿ ದುರುಗೇಶನಿಗೆ ಫೋನು ಮಾಡಿ, ಬರಬೇಡಪ್ಪ ಎಂದೆ.

ಅದಾದ ಹದಿನೈದು ದಿನಕ್ಕೆ ಕಾರವಾರ ಮುಟ್ಟಿದೆವು. ಊರಿನಾಚೆ ಮರಳಿನ ಅಂಚಿಗೆ ಗಾಡಿ ನಿಲ್ಲಿಸಿದೆ. ಅವಳು ಇಳಿದು, ಸೆರಗು ಬಿಗಿದು, ನೀರಿನ ಕಡೆ ನಾಲ್ಕು ಹೆಜ್ಜೆ ಹೋದವಳು ತುಸು ಹೊತ್ತು ನಿಂತು, ಅಡುಗೆ ಆಗಬೇಕಲ್ಲ ಎಂದು ತಿರುಗಿ ನೋಡಿದಳು. ನಾನು ಅಷ್ಟರಲ್ಲಿ ಟಾಕಿಯ ನೀರಿನಲ್ಲಿ ಸ್ನಾನ ಮುಗಿಸಿ ಮಡಿ ಪಂಚೆ ಉಟ್ಟಿದ್ದೆ.

"ನಾ ಮಡಿಯೊಳಗ ಇದ್ದೀನಿ. ಒಳಗ ಬರಬ್ಯಾಡ" ಎಂದು ಬಾಗಿಲು ಹಾಕಿಕೊಂಡೆ.

ಹಿಂದಿನ ಕಿಟಕಿ ತೆರೆದು, ಫ್ಯಾನು ಹಚ್ಚಿ, ಹುಟ್ಟಿದಾಗಿನಿಂದ ಮೊದಲ ಸಲ ಒಗ್ಗರಣೆ ಹಾಕಿದೆ. ಸಾಸಿವೆ ಸೀದು ಕರಿ ಇದ್ದಿಲಾಯಿತು, ಹೊಗೆ ಮಾತ್ರ ಸಲೀಸಾಗಿ ಹೋಯಿತು. ಅರ್ಧ ಗಂಜಿ, ಅರ್ಧ ಅಕ್ಕಿಯಾದ ಅನ್ನವನ್ನು ಇಳಿಸಿ ಪರದೆಯ ಸಂದಿಯಿಂದ ನೋಡಿದೆ. ಅವಳು ಮರಳಿನ ಮೇಲೆ ಕಾಲು ಚಾಚಿ ಒಬ್ಬಳೇ ಕೂತಿದ್ದಳು, ತೆರೆ ಪಾದದವರೆಗೆ ಬಂದು ಹೋಗುತ್ತಿತ್ತು. ತಾಸು ದಾಟಿತು. ಅನ್ನ ಆರಿತು. ನಾನು ಕರೆಯಲಿಲ್ಲ.