ಝುಮ್ ಎನ್ನುತ್ತಿದ್ದ ನಲ್ಲಿ

ನಮ್ಮ ನಲ್ಲಿ ಮೇಸ್ತ್ರಿಗಳ ಬಿಳಿ ಗಡ್ಡದಲ್ಲಿ ಯಾವಾಗಲೂ ಟೆಫ್ಲಾನ್ ಟೇಪಿನ ಒಂದೆರಡು ಚೂರು ಅಂಟಿಕೊಂಡಿರುತ್ತಿದ್ದವು. ನಲ್ಲಿಗೆ ಸುತ್ತುವ ಆ ಬಿಳಿ ಟೇಪನ್ನು ಅವರು ಹಲ್ಲಿನಿಂದಲೇ ಹರಿಯುತ್ತಿದ್ದರು. ಗಡ್ಡ ಒರೆಸಿಕೊಳ್ಳಿ ಎಂದರೆ, "ಇರ್ಲಿ ಅಮ್ಮಾ, ಗಡ್ಡಾನೂ ಲೀಕ್ ಆಗ್ಬಾರ್ದಲ್ಲ" ಎಂದು ನಗುತ್ತಿದ್ದರು. ಶಿವಾಜಿನಗರದಿಂದ ಹಳೇ ಸ್ಕೂಟರಿನಲ್ಲಿ ಬಂದು, ಚೀಲ ಕೆಳಗಿಡುವ ಮೊದಲೇ ಡಾಕ್ಟರ ಹಾಗೆ ವಿಚಾರಣೆ ಶುರು. ಯಾವತ್ತಿಂದ? ಬಿಸಿನೀರಿನ ನಲ್ಲೀನಾ, ತಣ್ಣೀರಿಂದಾ? ಕೊನೆಗೆ ತಪ್ಪದೆ, "ನನಗಿಂತ ಮುಂಚೆ ಯಾರಾದ್ರೂ ಬಿಚ್ಚಿದ್ರಾ?"

ಮೊದಲ ಸಲ ಬಂದಾಗ ಆ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ.

ನಾವು ರಾಯಚೂರಿನವರು. ಹಲಸೂರಿನಲ್ಲಿ ಬಾಡಿಗೆಗೆ ಸಿಕ್ಕ ಹಳೇ ಮನೆಯ ಮಹಡಿಯಲ್ಲಿ ಬಾತ್‌ಟಬ್ ಇತ್ತು. ಬೇರೆಯವರಾಗಿದ್ದರೆ ಅದರಲ್ಲಿ ಮಲಗಿ ಸ್ನಾನ ಮಾಡುತ್ತಿದ್ದರೋ ಏನೋ, ನನ್ನ ಕಣ್ಣಿಗೆ ಅದು ನೀರಿನ ತೊಟ್ಟಿಯಾಗಿಯೇ ಕಂಡಿತು. ನೀರು ಬಂದ ದಿನ ತುಂಬಿಸಿ, ಪ್ಲೈವುಡ್ ಮುಚ್ಚಿ, ಪಕ್ಕದಲ್ಲಿ ಕೂತು ತಂಬಿಗೆಯಲ್ಲಿ ಮೊಗೆದು ಸ್ನಾನ. ಹಾಗಾಗಿ ಟಬ್ಬಿನ ನಲ್ಲಿ ತೊಟ್ಟಿಕ್ಕತೊಡಗಿದಾಗ ನಾನು ಚಿಂತೆ ಮಾಡಲಿಲ್ಲ. ಹನಿ ಬಿದ್ದರೆ ತೊಟ್ಟಿಗೇ ತಾನೆ! ಚಿಂತೆ ಹತ್ತಿದ್ದು ಟಬ್ಬು ತುಂಬಿ ಹರಿದು, ಕೆಳಮನೆಯ ತಾರಸಿ ಒದ್ದೆಯಾಗಿ, ಮಾಲೀಕರು ಬೈದ ಮೇಲೆ.

"ಏನೈತಿ ಇದ್ರಾಗ, ನಾನ ಮಾಡ್ತೀನಿ ತಗೋ" ಎಂದು ನನ್ನ ಗಂಡ ಫೋನಿನಲ್ಲಿ ವಿಡಿಯೊ ನೋಡುತ್ತಾ ನಲ್ಲಿ ಬಿಚ್ಚಿದರು. ಟೇಪು ಸುತ್ತಿ ಮತ್ತೆ ಕೂಡಿಸಿದರು. ಅದೇ ಹುರುಪಿನಲ್ಲಿ ಗೀಸರಿನ ಸಡಿಲ ಸ್ವಿಚ್ಚನ್ನೂ ಬದಲಿಸಿದರು. ನಲ್ಲಿ ಇನ್ನೂ ಜಾಸ್ತಿ ಸೋರಿತು. ಸಾಲದ್ದಕ್ಕೆ ಅದನ್ನು ಮುಟ್ಟಿದರೆ ಬೆರಳು ಝುಮ್ ಎನ್ನತೊಡಗಿತು. ನಿಶ್ಶಕ್ತಿ ಇರಬೇಕೆಂದು ನಾನು ಒಂದು ವಾರ ವಿಟಮಿನ್ ಮಾತ್ರೆ ನುಂಗಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೇಸ್ತ್ರಿಗಳು ಬಂದದ್ದು ಭಾನುವಾರ ಬೆಳಿಗ್ಗೆ. ಗಂಡ ಸಂತೆಗೆ ಹೋಗಿದ್ದರು. ಅವರ ಮಾನ ಉಳಿಸಲೆಂದು "ಯಾರೂ ಮುಟ್ಟಿಲ್ರೀ" ಎಂದೆ.

ಮೇಸ್ತ್ರಿಗಳು ಪ್ಲೈವುಡ್ ಸರಿಸಿ ಬಗ್ಗಿ ನೋಡಿದರು. "ಟೇಪು ಉಲ್ಟಾ ಸುತ್ತಿದೆ. ನಟ್ಟೆಲ್ಲಾ ಗೀಚಿದೆ. ಶೈತಾನ್ ಬಂದು ಬಿಚ್ಚಿದ್ನಾ ಅಮ್ಮಾ?"

ಅವರು ನಲ್ಲಿಯನ್ನು ಹಿಡಿಯಲಿಲ್ಲ. ಬೆರಳಿನ ಹಿಂಬದಿಯನ್ನು ಒಮ್ಮೆ ಸೋಕಿಸಿ ಸರಕ್ಕನೆ ಕೈ ಎಳೆದುಕೊಂಡರು. ಅಂಗೈಯಲ್ಲಿ ಹಿಡಿದರೆ ಕರೆಂಟು ಬಿಡುವುದಿಲ್ಲವಂತೆ, ಆಮೇಲೆ ಹೇಳಿದರು.

ಅಷ್ಟರಲ್ಲಿ ನಾಲ್ಕು ವರ್ಷದ ನನ್ನ ಮಗಳು ಸ್ನಾನಕ್ಕೆಂದು ಬಟ್ಟೆ ಕಳಚಿಕೊಂಡು ನನ್ನ ಪಕ್ಕದಿಂದ ನುಸುಳಿ ಒಳಗೆ ಓಡಿದಳು. ತುಂಬಿದ ಟಬ್ಬಿನೊಳಗೆ ಒಂದು ಕಾಲಿಟ್ಟು, ಆಸರೆಗೆ ನಲ್ಲಿಯ ಕಡೆ ಕೈ ಚಾಚಿದಳು. ನನಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ.

"ಏಯ್! ಮುಟ್ಬೇಡಾ!"

ಕೂಗುತ್ತಲೇ ಮೇಸ್ತ್ರಿಗಳು ಅವಳ ಸೊಂಟಕ್ಕೆ ಕೈ ಹಾಕಿ ಎತ್ತಿ ನನ್ನ ಮೇಲೆ ಎಸೆದೇಬಿಟ್ಟರು. ಮಗು ಕಿಟಾರನೆ ಕಿರುಚಿತು. "ಹೊರಗೆ ಹೋಗಿ! ಮೈನ್ ಎಲ್ಲಿದೆ? ಜಲ್ದಿ ಹೇಳಿ!" ಬಾಗಿಲ ಕಡೆ ಬೆರಳು ತೋರಿಸಿದೆ. ಅವರೇ ಓಡಿಹೋಗಿ ಮೈನ್ ಸ್ವಿಚ್ ಇಳಿಸಿದರು.

ಸ್ವಿಚ್‌ಬೋರ್ಡ್ ಬಿಚ್ಚಿದಾಗ ಗಂಡನ ಕೈಚಳಕ ಹೊರಬಿತ್ತು. ಹಸಿರು ವೈರನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕತ್ತರಿಸಿ, ತುದಿಗೆ ಟೇಪು ಸುತ್ತಿಟ್ಟಿದ್ದರು. "ಗೀಸರ್ ಒಳಗೆ ಕರೆಂಟ್ ಲೀಕ್ ಇದೆ ಅಮ್ಮಾ. ಈ ವೈರ್ ಇದ್ದಿದ್ರೆ ಅದು ಭೂಮಿಗೆ ಹೋಗ್ತಿತ್ತು. ಈಗ ಪೈಪಿಗೆ ಬಂದಿದೆ" ಎಂದು ಅವರು ಟಬ್ಬಿನ ಬಿರಡೆ ಎಳೆದರು. ನೀರು ಗುಳುಗುಳು ಇಳಿಯತೊಡಗಿತು.

"ಅಯ್ಯ, ಅಷ್ಟೂ ನೀರ್ ಹೋತಲ್ರೀ! ಇನ್ನ ಎರಡ ದಿನ ಬರಂಗಿಲ್ಲ!"

ಹೌದು, ಹಾಗೆಂದೆ. ಮಗು ಕಂಕುಳಲ್ಲಿ ನಡುಗುತ್ತಿತ್ತು, ನಾನು ನೀರಿಗೆ ಅತ್ತೆ. ಮೇಸ್ತ್ರಿಗಳು ಮಗುವನ್ನು ನೋಡಿದರು, ನನ್ನನ್ನು ನೋಡಿದರು. "ನೀರು ಮತ್ತೆ ಬರುತ್ತೆ ಅಮ್ಮಾ" ಎಂದರು. ಆಗ ಅರ್ಥವಾಯಿತು.

ಎಲೆಕ್ಟ್ರಿಷಿಯನ್ ಬಂದು ಗೀಸರ್ ಕಳಚಿ, ಹಸಿರು ವೈರನ್ನು ಸರಿಮಾಡುವ ತನಕ ಅವರು ನಲ್ಲಿ ಮುಟ್ಟಲಿಲ್ಲ. ಆಮೇಲೆ ಹತ್ತೇ ನಿಮಿಷದ ಕೆಲಸ. ಒಳಗಿನ ರಬ್ಬರ್ ವಾಷರ್ ಸವೆದು ಹರಿದಿತ್ತು, ಬದಲಿಸಿದರು. ಹೊರಡುವಾಗ ಮೆಲ್ಲಗೆ ಹೇಳಿದರು: "ಯಾರು ಬಿಚ್ಚಿದ್ರು ಅಂತ ಬೈಯೋಕೆ ಕೇಳಲ್ಲ ಅಮ್ಮಾ. ಎಲ್ಲಿ ಕೈ ಇಡ್ಬಾರ್ದು ಅಂತ ತಿಳ್ಕೊಳೋಕೆ ಕೇಳೋದು."

ನಾವು ಕಗ್ಗದಾಸಪುರಕ್ಕೆ ಮನೆ ಬದಲಿಸಿದ ಮೇಲೂ ಎಂಟು ವರ್ಷ ಅವರೇ ಬರುತ್ತಿದ್ದರು. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನನ್ನ ಭಯ ಮಾತ್ರ ಹೋಗಲಿಲ್ಲ. ಮಗಳು ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುತ್ತಲೇ ಇರುತ್ತೇನೆ. "ಭಯ ನಿಮ್ಮತ್ರಾನೇ ಇಟ್ಕೊಳ್ಳಿ, ಪಾಪುಗೆ ಕೊಡ್ಬೇಡಿ" ಎಂದು ಅವರು ಅವಳ ಕೈಗೆ ಸ್ಪ್ಯಾನರ್ ಕೊಟ್ಟು ವಾಷರ್ ಹಾಕುವುದನ್ನು ಕಲಿಸಿದರು.

ಹೋದ ತಿಂಗಳು ಅಡುಗೆಮನೆಯ ನಲ್ಲಿ ಸೋರಿತೆಂದು ಫೋನ್ ಮಾಡಿದೆ. ಅವರ ಸೊಸೆ ಎತ್ತಿಕೊಂಡು, "ನಮ್ಮ ಅಬ್ಬಾ ತೀರ್ಕೊಂಡ್ಬಿಟ್ರು ಅಮ್ಮಾ, ರಂಜಾನ್‌ಗೆ ಮುಂಚೇನೇ" ಎಂದಳು. ನಾನು ಅಳುತ್ತಾ ಕೂತದ್ದು ನೋಡಿ ಮಗಳು ಹತ್ತಿರ ಬಂದಳು. ಅವತ್ತಿನ ಕಥೆಯನ್ನು ಮೊದಲ ಸಲ ಅವಳಿಗೆ ಹೇಳಿದೆ, ನನ್ನ ಸುಳ್ಳನ್ನೂ ಸೇರಿಸಿ.

ಅವಳು ಕೇಳಿದಳು: "ಅವರು ಎತ್ತೋವಾಗ ನಾನು ನಲ್ಲಿ ಹಿಡ್ಕೊಂಡ್ಬಿಟ್ಟಿದ್ರೆ, ಅವರಿಗೂ ಕರೆಂಟ್ ಹೊಡೀತಿತ್ತು ಅಲ್ವಾ ಅಮ್ಮಾ?"

"ಹೌದು."

"ಅದು ಅವರಿಗೆ ಗೊತ್ತಿತ್ತಾ?"

"ಅಲ್ಲಿದ್ದೋರಲ್ಲಿ ಅವರೊಬ್ಬರಿಗೇ ಗೊತ್ತಿತ್ತು" ಎಂದೆ.