ಬಿಲ್ಲಿನ ಮೇಲಿನ ಹನ್ನೊಂದು ಅಂಕಿ

ವ್ಯಾಟ್ ಬಂದ ವರ್ಷ ಕುಂದಾಪುರದ ನಮ್ಮ ನೀರಿನ ಪಂಪಿನ ಅಂಗಡಿಗೆ ಹೊಸ ಬಿಲ್ ಪುಸ್ತಕ ಮಾಡಿಸಿದೆ. ತೆರಿಗೆ ಇಲಾಖೆ ಕೊಟ್ಟ ಹನ್ನೊಂದು ಅಂಕಿಯ ನಂಬರು ಪ್ರತಿ ಬಿಲ್ಲಿನಲ್ಲೂ ಇರಬೇಕಿತ್ತು. ಅದನ್ನು ದಪ್ಪಕ್ಷರದಲ್ಲಿ ಹಾಕಿಸುವ ಗಡಿಬಿಡಿಯಲ್ಲಿ ಅಂಗಡಿಯ ಫೋನ್ ನಂಬರೇ ಬಿಟ್ಟುಹೋಯಿತು. ಎಸ್‌ಟಿಡಿ ಕೋಡ್ ಸೇರಿಸಿದರೆ ನಮ್ಮ ಕಡೆಯ ಫೋನಿಗೂ ಹನ್ನೊಂದೇ ಅಂಕಿ ನೋಡಿ.

ಪಂಪ್ ಒಯ್ದು ವಾರವಾಗುವುದರೊಳಗೆ ಬಾರ್ಕೂರಿನ ಗುಲಾಬಕ್ಕ ಬಿಲ್ಲು ಹಿಡಿದುಕೊಂಡು ಬಂದರು.

“ಹ್ವಾಯ್, ಬೂತಿಗ್ ಹೋಯಿ ಈ ನಂಬರ್ ಮೂರ್ ಸಲ ಒತ್ತಿದೆ. ಒಂದ್ ಹೆಣ್ಣ್, ‘ನಂಬರ್ ಸರಿ ಇಲ್ಲೆ’ ಅಂದ್ ಹೇಳಿ ಫೋನ್ ಇಡತ್ತ್. ಅಲ್ಲ್ ಪಂಪ್ ನೀರ್ ಎತ್ತದೇ ನನ್ನ ಅಲಸಂಡೆ ಬಾಡ್ತಾ ಇತ್ತ್.”

ಅದು ಫೋನಿನದಲ್ಲ, ಸರ್ಕಾರದ ತೆರಿಗೆ ನಂಬರು ಎಂದೆ. ಅವರು ಬಿಲ್ಲು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ತಪ್ಪು ನನ್ನದೇ ಆದ್ದರಿಂದ ಮೆಕ್ಯಾನಿಕ್ಕನ್ನು ಕರೆದುಕೊಂಡು ಅವರ ಜೊತೆಯೇ ಹೊರಟೆ. ಪೈಪಿನಲ್ಲಿ ಗಾಳಿ ಹಿಡಿದಿತ್ತು, ಅಷ್ಟೇ. ಅಲಸಂಡೆ ಬಳ್ಳಿಯ ಸಾಲಿಗೆ ನೀರು ಹರಿದ ಮೇಲೆ ಗುಲಾಬಕ್ಕ ಕಾಯಿ ಕೊಯ್ದು ಒಂದು ಸೂಡಿ ಕಟ್ಟಿ ನನ್ನ ಕೈಗಿಟ್ಟರು.

“ಸರ್ಕಾರದ ನಂಬರ್ ಅಂದ್ ಮೊದ್ಲೇ ಹೇಳಿರೆ, ನಾನ್ ಒಂದೇ ಸಲ ಒತ್ತಿ ಕೈಬಿಡ್ತಿದ್ದೆ ಮರ್ರೆ.”